ಹಗೇವಿಗೆ ಇಳಿಬಿಟ್ಟ ಬೆಳಕು

ಬೆಳಕು ಚೆನ್ನಾಗಿಯೇ ಇತ್ತು. ಇವತ್ತಿಗೂ ನನ್ನನ್ನು ಹೆದರಿಸುವುದು ಅದೇ. ಒಳಗೆ ಕತ್ತಲಿದ್ದಿದ್ದರೆ ಕಾಕಾ ಇಳಿಯುತ್ತಿರಲಿಲ್ಲ. ನನ್ನ ಮೊಬೈಲಿನ ಬ್ಯಾಟರಿ, ಅಂದರೆ ಟಾರ್ಚು, ನೆಲದೊಳಗಿನ ಹಗೇವಿನಲ್ಲಿ ಬೆಳ್ಳಗೆ ಉರಿಯುತ್ತಿತ್ತು. ಮೇಲಿನಿಂದ ಬಗ್ಗಿ ನೋಡಿದರೆ ಜೋಳದ ಕಾಳು ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಆ ಬೆಳಕಿನ ನಡುವೆ ನಿಂತು ಮಾತಾಡುತ್ತಿದ್ದ ಕಾಕಾ, ಮಾತು ಮುಗಿಯುವ ಮೊದಲೇ ಮೊಣಕಾಲು ಮಡಚಿ ಕೂತುಬಿಟ್ಟ.

ಒಂದು ವರ್ಷವಾಗುತ್ತ ಬಂತು. ಬಸ್ಸಿಗೆ ಕಾಯುವಾಗ, ಉತ್ತರಪತ್ರಿಕೆ ತಿದ್ದುವಾಗ, ರೊಟ್ಟಿ ಬಡಿಯುವಾಗ ಅವನು ಕೂತ ಆ ರೀತಿ ಕಣ್ಣೆದುರು ಬರುತ್ತದೆ. ಪ್ರತಿ ಸಲವೂ ನಾನು ಅವನನ್ನು ತಡೆಯಲು ನೋಡುತ್ತೇನೆ. ಪ್ರತಿ ಸಲವೂ ಅವನು ಇಳಿಯುತ್ತಾನೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನಮ್ಮವ್ವ ಚಿಕ್ಕಂದಿನಲ್ಲಿ ಕಲಿಸಿದಂತೆ, ಅಳದೆ, ಮೊದಲಿನಿಂದ ಹೇಳುತ್ತೇನೆ.

ನಮ್ಮದು ಅಣ್ಣಿಗೇರಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಳ್ಳಿ. ಮನೆಯಲ್ಲಿ ನಾವು ನಾಲ್ಕು ಮಂದಿ: ಅವ್ವ, ಅಪ್ಪನ ತಮ್ಮನಾದ ಕಾಕಾ, ಕಾಕಾನ ಹೆಂಡತಿ ಚಿಗವ್ವ, ನಾನು. ನಾನು ಆರು ವರ್ಷದವಳಿದ್ದಾಗ ಅಪ್ಪ ಜ್ವರದಲ್ಲಿ ತೀರಿಕೊಂಡ. ಮುಂದೆ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟವನು, ತಲೆಯಲ್ಲಿ ಹೇನಾದಾಗ ಚಿಗವ್ವನ ಜತೆ ಕೂತು ಹೆಕ್ಕಿದವನು, ಕಾಲೇಜಿಗೆ ಹೆಸರು ಹಚ್ಚಲು ಹುಬ್ಬಳ್ಳಿಯ ಬಿಸಿಲಿನಲ್ಲಿ ನನ್ನ ಸರದಿಯಲ್ಲಿ ತಾನು ನಿಂತವನು ಕಾಕಾ. ಅವನಿಗೆ ಮಕ್ಕಳಿಲ್ಲ. ಹಾಗಂತ ಯಾರಾದರೂ ಅಂದರೆ, "ಇದ್ಯಾರು, ಬಾಡಿಗಿಗೆ ಬಂದಾಕಿ ಏನು?" ಎಂದು ನನ್ನ ಜಡೆ ಹಿಡಿದು ತೋರಿಸುತ್ತಿದ್ದ.

ಅಪ್ಪ ಹೋದ ಮೇಲೆ ನಾನು ಮಾತು ಬಿಟ್ಟಿದ್ದೆನಂತೆ. ಒಂದು ಸಂಜೆ ಅವ್ವ ನನ್ನನ್ನು ದೇವರ ಜಗಲಿಯ ಮುಂದೆ ಕೂರಿಸಿದಳು. ಹಣೆಗೆ ವಿಭೂತಿ ಹಚ್ಚಿ, ದೀಪ ಮುಟ್ಟಿಸಿ ಹೇಳಿದಳು:

"ನಿಮ್ಮಪ್ಪ ಹೋದ. ಆದ್ರ ಅವಗೂ ಒಬ್ಬ ಅಪ್ಪ ಅದಾನ. ನನಗೂ ಅವನೇ ಅಪ್ಪ, ನಿನಗೂ ಅವನೇ ಅಪ್ಪ. ಅವ ಎಲ್ಲೂ ಹೋಗೂದಿಲ್ಲ. ಇವತ್ತ ಸಾಲ್ಯಾಗ ಏನಾತು, ಅವಗ ಹೇಳು."

"ಅವ ಮಾತಾಡ್ತಾನೇನು?"

"ಇಲ್ಲ. ಕೇಳ್ತಾನ."

ನಾನು ಅಳಲು ಶುರುಮಾಡಿದೆ. ಅವ್ವ ಬೆನ್ನು ಸವರುತ್ತ, "ಅಳಬ್ಯಾಡ. ಮೊದಲಿಂದ ಹೇಳು. ಮೊದಲ ಏನಾತು, ಆಮ್ಯಾಲ ಏನಾತು. ಅವಗ ಅವಸರ ಇಲ್ಲ" ಅಂದಳು.

ಆವತ್ತು ನಾನು ಹೇಳಿದ ಮೊದಲ ಸುದ್ದಿ, ಬಾಜು ಕೂರುವ ಹುಡುಗಿ ನನ್ನ ರಬ್ಬರು ಕದ್ದದ್ದು. ಅಲ್ಲಿಂದ ದಿನವೂ ಸಂಜೆ ಐದು ಹತ್ತು ನಿಮಿಷ ಜಗಲಿಯ ಮುಂದೆ ಕೂತು ದಿನದ ಸುದ್ದಿ ಒಪ್ಪಿಸುವುದು ರೂಢಿಯಾಯಿತು. ಬೇಡುವುದಕ್ಕಿಂತ ಹೇಳುವುದೇ ಹೆಚ್ಚು. ತಪ್ಪು ಮಾಡಿದ್ದರೆ ಅದನ್ನೂ ಹೇಳುವುದು, ಅವನು ಬೈಯುತ್ತಿರಲಿಲ್ಲವಲ್ಲ. ನಾನು ಎದ್ದು ಬರುವುದನ್ನೇ ಕಾಕಾ ಅಂಗಳದಲ್ಲಿ ಕಾಯುತ್ತಿದ್ದ.

"ಏನಬೇ, ಮ್ಯಾಲಿನಪ್ಪನ ಮುಂದ ನನ್ನ ಚಾಡಿ ಹೇಳಿ ಬಂದ್ಯಾ?"

"ಹೇಳಿದ್ನಿ. ನೀ ಚಿಗವ್ವನ ಡಬ್ಬಿಯಾಗಿಂದ ಉಂಡಿ ಕದ್ದಿ ಅಂತ ಹೇಳಿದ್ನಿ."

"ಎಷ್ಟಂತ ಹೇಳಿದಿ?"

"ಎರಡು."

"ಮೂರು ಇದ್ದೂ. ಹೋಗಿ ತಿದ್ದಿ ಬಾ. ದೇವರ ಮುಂದ ಸುಳ್ಳ ಹೇಳಬಾರದು."

ಕಾಲೇಜಿಗೆ ಹೋದ ಮೇಲೆ ಇದು ತಾನಾಗಿಯೇ ನಿಂತಿತು. ಜಗಳವಾಡಿ ಬಿಟ್ಟದ್ದಲ್ಲ. ರಸಾಯನಶಾಸ್ತ್ರ ಓದುವ ಹುಡುಗಿ ಕಲ್ಲಿನ ಮುಂದೆ ಕೂತು ರಬ್ಬರಿನ ಸುದ್ದಿ ಹೇಳುವುದು ನನಗೇ ನಗೆ ಬರಿಸುತ್ತಿತ್ತು. ಬಿ.ಎಸ್‌ಸಿ., ಬಿ.ಎಡ್. ಮುಗಿಸಿ ಅಣ್ಣಿಗೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ, ಊರಿನವರ ಬಾಯಲ್ಲಿ ಅಕ್ಕೋರು. ಅವ್ವ ಏನೂ ಅನ್ನಲಿಲ್ಲ. ದೀಪ ಹಚ್ಚುವಾಗ ನನಗೂ ಒಂದು ಮಣೆ ಹಾಕುವುದನ್ನು ಮಾತ್ರ ಬಿಡಲಿಲ್ಲ. ಮಣೆ ಖಾಲಿ ಇರುತ್ತಿತ್ತು.

ಇನ್ನು ಹಗೇವಿನ ಮಾತು. ಹಗೇವು ಅಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಮೈ ಹಿಡಿದುಕೊಂಡು ಇಳಿಯುವಷ್ಟು ಸಣ್ಣದು. ಒಳಗೆ ಹೂಜಿಯಂತೆ ಅಗಲ. ಕಾಳು ತುಂಬಿ, ಮೇಲೆ ಹುಲ್ಲು ಹಾಕಿ, ಕಲ್ಲಿನ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಬೀಳದಿರುವುದಕ್ಕೆ ಕಾರಣವೇ ಅದರ ಅಪಾಯ: ಒಳಗೆ ಉಸಿರಾಡುವ ಗಾಳಿ ಉಳಿದಿರುವುದಿಲ್ಲ. ಹುಳಕ್ಕೂ ಇಲ್ಲ, ಮನುಷ್ಯನಿಗೂ ಇಲ್ಲ. ಹಾಗಾಗಿ ಬಾಯಿ ತೆಗೆದು ಒಂದು ಹಗಲು ಒಂದು ರಾತ್ರಿ ಬಿಡಬೇಕು. ಆಮೇಲೆ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ಕಂದೀಲು ಆರಿದರೆ ಯಾರೂ ಇಳಿಯಬಾರದು.

ಅಪ್ಪನ ಬಗ್ಗೆ ನನಗೆ ಸ್ಪಷ್ಟವಾಗಿ ಉಳಿದಿರುವ ನೆನಪು ಇದೇ. ನಾನು ಕಾಕಾನ ಹೆಗಲ ಮೇಲೆ ಕೂತಿದ್ದೆ. ಅಪ್ಪ ಹಗೇವಿನ ಬಾಯಿಗೆ ಕುಕ್ಕರಗಾಲಿನಲ್ಲಿ ಕೂತು, ಗೇಣು ಗೇಣಾಗಿ ಹಗ್ಗ ಬಿಡುತ್ತ ಕಂದೀಲು ಇಳಿಸುತ್ತಿದ್ದ. ಹಗಲು ಹೊತ್ತಿನಲ್ಲಿ ಕಂದೀಲು ಯಾಕೆಂದು ಕೇಳಿದೆ. "ನಮಗಿಂತ ಮೊದಲ ದೀಪ ಹೋಗಿ ಬರ್ಲಿ, ನನ್ನವ್ವಾ" ಅಂದ. ಅವನ ಮುಖ ಈಗ ಸರಿಯಾಗಿ ನೆನಪಿಲ್ಲ. ಹಗ್ಗ ಬಿಡುತ್ತಿದ್ದ ಕೈಗಳು ನೆನಪಿವೆ.

ಅಪ್ಪ ಹೋದ ಮೇಲೆ ಹಗೇವು ಮುಚ್ಚಿಯೇ ಇತ್ತು. ಚೀಲದಲ್ಲಿಟ್ಟ ಜೋಳಕ್ಕೆ ವರ್ಷವೂ ಹುಳ ಹತ್ತಿ, ಹುಳ ಕೊಲ್ಲುವ ಗುಳಿಗೆಯ ವಾಸನೆಗೆ ಬೇಸತ್ತು, ಹೋದ ವರ್ಷ ಸುಗ್ಗಿ ಮುಗಿದಾಗ ಕಾಕಾ ಹಟ ಹಿಡಿದ: "ಈ ಸಲ ಹಗೇವ ತುಂಬೂಣು. ಹಗೇವಿನ ಜ್ವಾಳದ ರೊಟ್ಟಿ ತಿಂದ ಎಷ್ಟ ವರ್ಷ ಆತು!" ಒಳಗೆಲ್ಲ ಸಾರಿಸಿ ಒಣಗಿಸಿ, ಅರ್ಧಕ್ಕಿಂತ ಕಡಿಮೆ ತುಂಬಿದ. ದಸರೆಯ ಮಾನವಮಿ ಹಬ್ಬದ ಹೊತ್ತಿಗೆ ತೆಗೆಯುವುದೆಂದು ಮಾತಾಗಿತ್ತು.

ಹಬ್ಬ ಇನ್ನೂ ಹದಿನೈದು ದಿನವಿದ್ದಾಗ ಒಂದು ಶನಿವಾರ ಬೆಳಿಗ್ಗೆ ಚಪ್ಪಡಿ ಸರಿಸಿದರು. ನಾನು ಶಾಲೆಗೆ ಹೋದೆ. ಅವ್ವ ಎರಡು ದಿನ ಮೊದಲೇ ಮಿಶ್ರಿಕೋಟಿಯ ತನ್ನ ತವರಿಗೆ ಹೋಗಿದ್ದಳು. ಭಾನುವಾರ ಬೆಳಿಗ್ಗೆ ಎಂಟರ ಸುಮಾರಿಗೆ ಕಾಕಾ ಹಗ್ಗ, ಬುಟ್ಟಿ, ಏಣಿ ತಂದು ಅಂಗಳದಲ್ಲಿ ಹರಡಿದ. ಬುಟ್ಟಿ ಎಳೆಯಲು ಬಾಜು ಮನೆಯ ಮಾಮಾ ಬಂದರು. ಅವರು ಕಾಕಾನ ಬಾಲ್ಯದ ಗೆಳೆಯ. ಇಬ್ಬರೂ ಅರವತ್ತಕ್ಕೆ ಬಂದರೂ ಒಬ್ಬರನ್ನೊಬ್ಬರು ಲೇ ಅನ್ನದೆ ಕರೆದದ್ದನ್ನು ನಾನು ಕೇಳಿಲ್ಲ.

ಚಿಗವ್ವ ಅಟ್ಟದಿಂದ ಕಂದೀಲು ಇಳಿಸಿ ತಂದಳು. ಅದರಲ್ಲಿ ಎಣ್ಣೆ ಇರಲಿಲ್ಲ, ಬತ್ತಿ ಗಂಟಲಿಗೆ ಒಣಗಿ ಅಂಟಿತ್ತು.

"ಸೀಮಿಎಣ್ಣಿ ಎಲ್ಲಿಂದ ತರ್ಲಿ? ರೇಷನ್ನಿನ್ಯಾಗ ಕೊಡೂದ ಬಿಟ್ಟು ಯಾವ ಕಾಲ ಆತು" ಅಂದಳು.

ಆಗ ನಾನೇ ಅಂದೆ. ಯಾರೂ ಕೇಳಿರಲಿಲ್ಲ. "ಮೊಬೈಲಿನ ಬ್ಯಾಟರಿ ಹಚ್ಚಿ ಬಿಡ್ತೀನಿ ತಗೋ ಕಾಕಾ. ಕಂದೀಲಿಗಿಂತ ಸ್ವಚ್ಛ ಕಾಣತೈತಿ."

ಟೊಮೆಟೊ ತರುವ ಬಲೆಯ ಚೀಲದಲ್ಲಿ ಮೊಬೈಲು ಹಾಕಿ, ಸುತಳಿ ಕಟ್ಟಿ, ಅಪ್ಪ ಕೂತಿದ್ದಲ್ಲಿಯೇ ಕೂತು ಅಪ್ಪನಂತೆಯೇ ಗೇಣು ಗೇಣಾಗಿ ಬಿಟ್ಟೆ. ನನಗೆ ಒಳಗೊಳಗೇ ಹಿಗ್ಗು ಬೇರೆ. ಬೆಳಕು ಆರಲಿಲ್ಲ. ಎಲ್ಲರೂ ಬಗ್ಗಿ ನೋಡಿದೆವು.

"ಆಹಾ, ಮದುವಿ ಮನಿ ಆದಂಗ ಆತಲ್ಲೋ!" ಅಂದರು ಮಾಮಾ.

ಪ್ರತಿ ವರ್ಷ ಎಂಟನೆಯ ತರಗತಿಗೆ ನಾನು ಒಂದು ಪ್ರಯೋಗ ತೋರಿಸುತ್ತೇನೆ. ಗಾಜಿನ ಜಾಡಿಯಲ್ಲಿ ಇಂಗಾಲದ ಡೈಆಕ್ಸೈಡು ತುಂಬಿ ಉರಿಯುವ ಊದಿನಕಡ್ಡಿ ಇಳಿಸುವುದು. ಕಡ್ಡಿ ಆರುತ್ತದೆ. ಮಕ್ಕಳು ಹೋ ಅನ್ನುತ್ತಾರೆ. ಯಾಕೆ ಆರಿತು ಎಂದು ಕೇಳುತ್ತೇನೆ, ಉತ್ತರ ಬರೆಸುತ್ತೇನೆ. ಆವತ್ತು ಅದರಲ್ಲಿ ಒಂದಕ್ಷರವೂ ನನ್ನ ತಲೆಗೆ ಬರಲಿಲ್ಲ.

ಚಿಗವ್ವ ಹಗ್ಗ ಹಿಡಿದು ನಿಂತಳು. "ಕಂಕುಳಾಗ ಹಾಸಿ ಕಟ್ಟಿಕೋರಿ. ಕಟ್ಟಿಕೊಳ್ಳದ ಇಳಿಯೂದು ಬ್ಯಾಡ."

"ನಾ ಏನ ಎಮ್ಮಿ ಏನು, ಹಗ್ಗಾ ಹಾಕಾಕ?"

"ಎಮ್ಮಿ ಆಗಿದ್ರ ಒಂದ ಮಾತಿಗೆ ಕೇಳತಿತ್ತು."

ಮಾಮಾ ನಕ್ಕರು. ಕಾಕಾ ಮುಖ ಗಂಟು ಹಾಕಿಕೊಂಡೇ ಎದೆಯ ಸುತ್ತ ಹಗ್ಗ ಕಟ್ಟಿಸಿಕೊಂಡ. ಆ ಗಂಟನ್ನು ಚಿಗವ್ವ ಎರಡು ಸಲ ಎಳೆದು ನೋಡಿದಳು. ಇವತ್ತು ನಾನು ಇದನ್ನು ಬರೆಯುವಾಗ ಕಾಕಾ ಹೊರಗೆ ಆಕಳಿಗೆ ಬೈಯುತ್ತಿದ್ದಾನೆಂದರೆ, ಆ ಎರಡು ಎಳೆತದಿಂದ.

ಕಾಕಾ ಏಣಿ ಇಳಿದ. ಕಾಳಿನ ಮೇಲೆ ಕಾಲಿಟ್ಟ ಸದ್ದು ಕೇಳಿಸಿತು. ಬಗ್ಗಿ ಒಂದು ಬೊಗಸೆ ತುಂಬಿಕೊಂಡು ಮೂಗಿಗೆ ಹಿಡಿದ. "ಏ ಕೇಳ್ರಿಲ್ಲೆ, ಜ್ವಾಳ ಅಗದಿ ಬಂಗಾರ ಇದ್ದಂಗ..." ಅಂದ. ಅಷ್ಟೇ. ಬೊಗಸೆ ಬಿಚ್ಚಿತು, ಕಾಳು ಸುರಿಯಿತು, ಮೊಣಕಾಲು ಮಡಚಿ ಕೂತ.

"ನೋಡ, ನಾಟಕ" ಅಂದಳು ಚಿಗವ್ವ. ಕಾಕಾ ಅಂಥವನೇ, ಸುಮ್ಮನೆ ಬಿದ್ದು ಹೆದರಿಸುತ್ತಿದ್ದ. "ಏಳ್ರಿ, ಸಾಕು." ಅವನು ಹಾಗೆಯೇ ಒಂದು ಮಗ್ಗುಲಿಗೆ ಒರಗಿದ. ಮೊಬೈಲಿನ ಬೆಳಕು ಅವನ ಬಿಳಿ ಅಂಗಿಯ ಮೇಲೆ ಬಿದ್ದು ಕಣ್ಣು ಕೋರೈಸುತ್ತಿತ್ತು.

ಚಿಗವ್ವ ಚೀರಿದಳು. ಮಾಮಾ ತಲೆಯ ವಸ್ತ್ರ ಕಿತ್ತೊಗೆದು ಒಂದು ಕಾಲು ಏಣಿಯ ಮೇಲಿಟ್ಟೇಬಿಟ್ಟರು. ನಾನು ಕಂಬದಂತೆ ನಿಂತಿದ್ದೆ. ಅಳು ಮಾತ್ರ ಒತ್ತರಿಸಿ ಬರುತ್ತಿತ್ತು.

ಆಗ ಆದದ್ದನ್ನು ಇದ್ದಂತೆ ಬರೆಯುತ್ತೇನೆ, ಹೆಚ್ಚಿಲ್ಲ ಕಡಿಮೆ ಇಲ್ಲ. ಯಾವ ದನಿಯೂ ಕೇಳಿಸಲಿಲ್ಲ, ಏನೂ ಕಾಣಿಸಲಿಲ್ಲ. ಹತ್ತು ವರ್ಷ ಖಾಲಿ ಇದ್ದ ಆ ಮಣೆಯ ಮೇಲೆ ನಾನು ಹೋಗಿ ಕೂತಂತಾಯಿತು. ಅಳಬೇಡ, ಮೊದಲಿನಿಂದ ಹೇಳು, ಅವನಿಗೆ ಅವಸರ ಇಲ್ಲ. ಮನಸ್ಸಿನಲ್ಲೇ ಹೇಳಿದೆ. ಅಪ್ಪಾ, ಕಂದೀಲಿನಲ್ಲಿ ಎಣ್ಣೆ ಇರಲಿಲ್ಲ. ನಾನು ಮೊಬೈಲು ಬಿಟ್ಟೆ. ಬೆಳಕು ಆರಲಿಲ್ಲ. ಕಾಕಾ ಇಳಿದ.

ಬೆಳಕು ಆರಲಿಲ್ಲ ಎಂದು ಹೇಳಿದ ಕ್ಷಣವೇ ತಿಳಿಯಿತು. ಅದು ಆರುವ ಬೆಳಕೇ ಅಲ್ಲ.

ಇಷ್ಟಕ್ಕೆಲ್ಲ ಎರಡು ಉಸಿರಿನಷ್ಟೂ ಹೊತ್ತು ಹಿಡಿದಿರಲಿಕ್ಕಿಲ್ಲ. ಮಾಮಾ ಎರಡನೆಯ ಕಾಲನ್ನೂ ಇಡುತ್ತಿದ್ದರು. ನಾನು ಅವರ ತೋಳು ಹಿಡಿದು ಜಗ್ಗಿದೆ. ಅವರು ಕೊಡವಿದರು.

"ಬಿಡಬೇ! ಒಳಗ ಸಾಯಾಕತ್ತಾನ ಅವ!"

"ನೀವೂ ಸಾಯ್ತೀರಿ ಮಾಮಾ! ಒಳಗ ಗಾಳಿ ಇಲ್ಲ!"

"ಬೆಳಕ ಐತೆಲ್ಲ! ಕಾಣಸೂದಿಲ್ಲೇನು?"

"ಅದು ಬ್ಯಾಟರಿ ಐತ್ರಿ! ಅದಕ್ಕ ಗಾಳಿ ಬೇಕಾಗಿಲ್ಲ, ಗಾಳಿ ನಮಗ ಬೇಕು!"

ಅವರ ತಲೆಗೆ ಅದು ಇಳಿಯಿತೋ ಇಲ್ಲವೋ ಗೊತ್ತಿಲ್ಲ. ಬಲವಾಗಿ ಎಳೆದು ಅವರನ್ನು ಮೇಲಕ್ಕೆ ತಂದು, ಹಗೇವಿನ ಬಾಯಿಗೆ ಅಡ್ಡ ಕೂತೆ. ಅವರು ಎತ್ತಿನ ಬಂಡಿ ಒಬ್ಬರೇ ಎತ್ತುವ ಆಳು. ನಾನು ಗಾಳಿ ಬಂದರೆ ಕೊಡೆ ಹಿಡಿಯಲಾರದವಳು. ಆ ಬಲ ನನ್ನ ತೋಳಿನದಲ್ಲ. ಯಾರೋ ಬೆನ್ನಿಗೆ ನಿಂತಿದ್ದಾರೆ, ನಾನೊಬ್ಬಳೇ ಅಲ್ಲ ಎನ್ನುವ ಧೈರ್ಯ ಅದು. ಆರು ವರ್ಷದವಳಿದ್ದಾಗ ಇದ್ದದ್ದು.

"ಹಗ್ಗ!" ಎಂದು ಕೂಗಿದೆ. "ಹಗ್ಗ ಎಳೀರಿ!"

ಮಾಮಾ, ಚಿಗವ್ವ ಹಗ್ಗಕ್ಕೆ ಬಿದ್ದರು. ನಾನು ಏಣಿ ಮೇಲಕ್ಕೆ ಕಿತ್ತು ಬಿಸಾಡಿ ಅವರ ಜತೆ ಹಿಡಿದೆ. ಕಾಕಾ ಎದ್ದ, ತೂಗಿದ, ಮೇಲೆ ಬಂದ. ಹಗೇವಿನ ಬಾಯಿಯ ಕೆಳಗೆ ಅವನ ಹೆಗಲು ಸಿಕ್ಕಿಬಿತ್ತು. ಎಳೆದರೆ ಬರದು, ಬಿಟ್ಟರೆ ಬೀಳುವನು. "ಹಿಡ್ಕೊಂಡ ನಿಂದರ್ರಿ" ಎಂದು ಹೇಳಿ, ಎದೆ ತುಂಬ ಉಸಿರು ಎಳೆದುಕೊಂಡು, ಹೊಟ್ಟೆಯ ಮೇಲೆ ಮಲಗಿ, ತಲೆ ತೋಳು ಒಳಗೆ ಹಾಕಿದೆ. ಹುಳಿತ ಕಾಳಿನ ಬಿಸಿ ಮುಖಕ್ಕೆ ಬಡಿಯಿತು. ಅವನ ಹೆಗಲು ಕೈಗೆ ಸಿಕ್ಕಿತು. ನಾನು ಕೂರುತ್ತಿದ್ದ ಹೆಗಲು. ಅದನ್ನು ಓರೆ ಮಾಡಿದೆ. "ಈಗ!" ಅನ್ನಲು ಉಸಿರಿರಲಿಲ್ಲ, ಕಾಲು ಬಡಿದೆ. ಅವರು ಎಳೆದರು.

ಅಂಗಳದಲ್ಲಿ ಮಲಗಿಸಿದಾಗ ಅವನ ತುಟಿ ಹಣ್ಣಾದ ನೇರಳೆಯಂತಿತ್ತು. ಎದೆ ಆಡುತ್ತಿರಲಿಲ್ಲ. ಶಾಲೆಯ ತರಬೇತಿಯಲ್ಲಿ ರಬ್ಬರಿನ ಗೊಂಬೆಗೆ ಮಾಡಿದ್ದನ್ನು ಮಾಡಿದೆ: ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದೆ. ಅವನ ಮೀಸೆಯಿಂದ ಎಲೆ ಅಡಿಕೆಯ ವಾಸನೆ ಬಂತು. ಎಷ್ಟು ಸಲ ಊದಿದೆನೋ. ಚಿಗವ್ವ ಅವನ ಅಂಗಾಲು ತಿಕ್ಕುತ್ತ, "ಏಳ್ರೀ, ಇನ್ನ ಎಮ್ಮಿ ಅನ್ನೂದಿಲ್ಲ, ಏಳ್ರೀ" ಅನ್ನುತ್ತಿದ್ದಳು. ಅವನ ಗಂಟಲಿನಲ್ಲಿ ಗೊರ್ ಅಂತು. ಎದೆ ಏರಿತು. ಇಳಿಯಿತು. ಮತ್ತೆ ಏರುವವರೆಗೆ ನಾವು ಮೂವರೂ ಉಸಿರಾಡಲಿಲ್ಲ.

ಆಂಬ್ಯುಲೆನ್ಸಿಗೆ ಫೋನು ಮಾಡಬೇಕೆಂದರೆ, ಸುತಳಿ ಕೈ ಜಾರಿ ಬಿದ್ದು ಫೋನು ಹಗೇವಿನೊಳಗೆ ಉರಿಯುತ್ತಿತ್ತು. ಮಾಮಾ ಓಡಿ ಹಾಲಿನ ಗಾಡಿ ನಿಲ್ಲಿಸಿದರು. ಕ್ಯಾನುಗಳ ನಡುವೆ ಕಾಕಾನನ್ನು ಮಲಗಿಸಿಕೊಂಡು ಅಣ್ಣಿಗೇರಿಗೆ, ಅಲ್ಲಿಂದ ಮೂಗಿಗೆ ಆಮ್ಲಜನಕ ಹಚ್ಚಿಕೊಂಡು ಹುಬ್ಬಳ್ಳಿಗೆ.

ಮೊದಲ ಹಗಲು ಅವನಿಗೆ ಪೂರ್ತಿ ಎಚ್ಚರ ಬರಲಿಲ್ಲ. ಎಚ್ಚರ ಬಂದರೂ ಮೊದಲಿನಂತೆ ಇರುತ್ತಾನೋ ಇಲ್ಲವೋ ನೋಡಬೇಕು ಎಂದರು ಡಾಕ್ಟರು. ಊರಿನವರು ಗುಂಪಾಗಿ ನೋಡಲು ಬಂದರು. ಬಂದವರೆಲ್ಲ ನನ್ನ ತಲೆ ಸವರುವವರೇ. "ಅಕ್ಕೋರ ಇದ್ದರು ಅಂತ ಮನಶಾ ಉಳದ", "ಕಲಿಸಿದ್ದಕ್ಕ ಸಾರ್ಥಕ ಆತು." ಮಾಮಾ ಬಂದವರಿಗೆಲ್ಲ ನಾನು ಹಗೇವಿಗೆ ಅಡ್ಡ ಕೂತ ಕತೆ ಹೇಳುತ್ತಿದ್ದರು; ಪ್ರತಿ ಸಲ ಹೇಳುವಾಗಲೂ ಅವರ ಕಣ್ಣು ತುಂಬುತ್ತಿತ್ತು. ಮೊಬೈಲು ಬಿಟ್ಟವಳು ನಾನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದರ ಅರ್ಥ ಗೊತ್ತಿದ್ದದ್ದು ನನಗೊಬ್ಬಳಿಗೆ. ಹೊಗಳಿಕೆಯ ಒಂದೊಂದು ಮಾತೂ ಕಾದ ಎಣ್ಣೆಯಂತೆ ಸಿಡಿಯುತ್ತಿತ್ತು.

ಮಧ್ಯಾಹ್ನ ಜನ ಕರಗಿದ ಮೇಲೆ ಆಸ್ಪತ್ರೆಯ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಕೂತೆ. ಎದುರಿಗೆ ನೀರಿನ ಫಿಲ್ಟರು, ಅದರ ಕೆಳಗೊಂದು ಬಕೀಟು. ಜಗಲಿಯಿಲ್ಲ, ದೀಪವಿಲ್ಲ. ಮೊದಲಿನಿಂದ ಹೇಳಿದೆ. ಈ ಸಲ ತುಟಿ ಅಲುಗಾಡಿಸಿಯೇ ಹೇಳಿದೆ. ನೀರು ಹಿಡಿಯಲು ಬಂದ ಹೆಂಗಸು ತಿರುಗಿ ನೋಡಿ ಹೋದಳು. ಅಪ್ಪಾ, ನನಗೆ ಗೊತ್ತಿತ್ತು. ಓದಿದ್ದೆ. ಮಕ್ಕಳಿಗೆ ಬರೆಸಿದ್ದೆ. ನಮ್ಮಪ್ಪ ಕಣ್ಣೆದುರೇ ತೋರಿಸಿದ್ದ. ಆದರೂ ಬಿಟ್ಟೆ. ಇಳಿಯುವವನನ್ನು ನೋಡುತ್ತ ನಿಂತೆ. ನಾನು ಉಳಿಸಿದೆ ಅಂತ ಹೇಳುತ್ತಿದ್ದಾರೆ, ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೇನೆ.

ಹೇಳಿ ಮುಗಿಯಿತು. ಕಾಕಾನನ್ನು ಉಳಿಸಿಕೊಡು ಎಂದು ಬೇಡಿದೆನೋ ಇಲ್ಲವೋ ನೆನಪಿಲ್ಲ, ಬೇಡಿರಬೇಕು. ಬಕೀಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಅವನು ಬೈಯಲಿಲ್ಲ. ಚಿಕ್ಕಂದಿನಲ್ಲಿ ರಬ್ಬರಿನ ಸುದ್ದಿಗೆ ಎಷ್ಟು ಸುಮ್ಮನಿದ್ದನೋ ಅಷ್ಟೇ ಸುಮ್ಮನಿದ್ದ. ಆದರೆ ಆ ಮೌನದ ಮುಂದೆ ಕೂತು ಎದ್ದವಳಿಗೆ, ಇದನ್ನು ಇನ್ನೊಬ್ಬರ ಮುಂದೆಯೂ ಹೇಳಬಲ್ಲೆ ಅನ್ನಿಸಿತು. ಎಲ್ಲ ತಿಳಿದೂ ನನ್ನನ್ನು ಮಗಳಲ್ಲ ಅನ್ನದವನು ಒಬ್ಬನಿದ್ದಾನೆ. ಕಾಕಾ ಹಾಗೆ ಅಂದರೂ ಅನ್ನಲಿ.

ಸಂಜೆ ಅವ್ವ ಮಿಶ್ರಿಕೋಟಿಯಿಂದ ಬಂದಳು. ಮರುದಿನ ಬೆಳಿಗ್ಗೆ ಕಾಕಾ ಕಣ್ಣು ಬಿಟ್ಟ. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಆಮ್ಲಜನಕದ ಮುಖವಾಡದ ಒಳಗಿಂದ ಏನೋ ಅಂದ. ಚಿಗವ್ವ ಕಿವಿ ಹತ್ತಿರ ಒಯ್ದಳು, ಅರ್ಥವಾಗಲಿಲ್ಲ. ಮುಖವಾಡ ಸರಿಸಿ, ನನ್ನ ಕಡೆ ನೋಡಿ ಇನ್ನೊಮ್ಮೆ ಅಂದ:

"ಏನಬೇ, ಮ್ಯಾಲಿನಪ್ಪನ ಮುಂದ ನನ್ನ ಚಾಡಿ ಹೇಳಿ ಬಂದ್ಯಾ?"

ಅವನು ಮೊದಲಿನಂತೆಯೇ ಇದ್ದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಆಗಲೇ ಹೇಳದಿದ್ದರೆ ಮುಂದೆಂದೂ ಹೇಳಲಾರೆ ಅನ್ನಿಸಿತು.

"ನಿಂದಲ್ಲ ಕಾಕಾ. ನಂದ ಹೇಳಿದ್ನಿ" ಅಂದೆ. ಮಂಚದ ಕಟ್ಟು ಹಿಡಿದುಕೊಂಡು ಹೇಳಿದೆ: ಬ್ಯಾಟರಿ ಆರುವುದಿಲ್ಲ, ಆ ಗಾಳಿಯಲ್ಲಿ ಬೆಂಕಿ ಮಾತ್ರ ಆರುತ್ತದೆ, ಅದು ನನಗೆ ಚೆನ್ನಾಗಿ ಗೊತ್ತಿತ್ತು, ನಿನ್ನನ್ನು ಇಳಿಸಿದವಳು ನಾನು.

"ನಿನಗ ಪುಸ್ತಕ ಓದಿ ಗೊತ್ತಿತ್ತು" ಅಂದ ಕಾಕಾ. ಉಸಿರಿಗಾಗಿ ನಿಲ್ಲಿಸಿ ನಿಲ್ಲಿಸಿ ಮಾತಾಡುತ್ತಿದ್ದ. "ನನಗ ಅಣ್ಣ ಕೈ ಹಿಡಿದು ಕಲಿಸಿದ್ದ. ಇಪ್ಪತ್ತ ಸಲ ಇಳಿದೀನಿ. ಕಂದೀಲಿಗೆ ಶೇಂಗಾ ಎಣ್ಣಿ ಹಾಕಿದ್ರ ಆಗತಿತ್ತು. ಅಷ್ಟ ಬ್ಯಾಸರ ನನಗ. ಬೆಳಕ ಕಂಡತು, ಸಾಕು ಅಂದ್ನಿ. ತಪ್ಪ ನಂದು."

"ಇಬ್ಬರದೂ ಅಲ್ಲ" ಎಂದು ಹಿಂದಿನಿಂದ ದನಿ ಬಂತು. ಚಿಗವ್ವ ಗೋಡೆಗೆ ಒರಗಿ ನಿಂತಿದ್ದಳು. "ಶನಿವಾರ ರಾತ್ರಿ ನೀವೆಲ್ಲ ಮಲಗಿದ ಮ್ಯಾಲ ಮಳಿ ಹನಿ ಬಿದ್ದೂ. ಜ್ವಾಳ ತೋಯ್ತಾವ ಅಂತ ತಾಡಪತ್ರಿ ಹಾಕಿ ಸುತ್ತ ಕಲ್ಲ ಹೇರಿದ್ನಿ. ಮುಂಜಾನೆ ನೀವ ಏಳೂಕಿಂತ ಮೊದಲ ತಗದ್ನಿ. ಹೇಳಾಕ ಮರತ್ನಿ." ಅವಳು ಸೆರಗಿನ ತುದಿ ಹಿಂಡಿದಳು. "ಹಗೇವ ಬಾಯಿ ರಾತ್ರೆಲ್ಲ ಮುಚ್ಚೇ ಇತ್ತು. ನಿನ್ನಿ ಮುಂಜಾನೆಯಿಂದ ಎದಿಯಾಗ ಇಟ್ಕೊಂಡೀನಿ."

ಚಿಗವ್ವ, ನಾನು ಒಂದು ಹಗಲು ಒಂದು ರಾತ್ರಿ ಒಂದೇ ಕೋಣೆಯಲ್ಲಿದ್ದೆವು. ಇಬ್ಬರೂ ತಪ್ಪು ತನ್ನೊಬ್ಬಳದೇ ಎಂದು ಕೂತಿದ್ದೆವು; ಕಣ್ಣು ಬಿಟ್ಟ ಕಾಕಾನೂ ಅದನ್ನೇ ಅಂದ. ಕೊನೆಗೆ ಕಾಕಾನೇ ಅವ್ವನ ಕಡೆ ತಿರುಗಿ, "ವೈನಿ, ನೀ ಏನರ ಮಾಡಿದ್ದರ ನೀನೂ ಹೇಳಿಬಿಡು. ಒಮ್ಮೆಲೆ ಮುಗಿದ ಹೋಗ್ಲಿ" ಅಂದ. ಅವ್ವ ಅಳುತ್ತಲೇ ನಕ್ಕಳು. ನರ್ಸು ಬಂದು ಮುಖವಾಡ ತೆಗೆದದ್ದಕ್ಕೆ ನಮಗೆಲ್ಲ ಬೈದಳು. ಬೈಗುಳ ಹಿತವಾಗಿತ್ತು.

ಹದಿನೈದನೆಯ ದಿನ ಹಗೇವಿನ ಬಾಯಿಗೆ ಮತ್ತೆ ಹೋದೆವು. ನಡುವೆ ಮುಚ್ಚಿಟ್ಟಿದ್ದ ಚಪ್ಪಡಿಯನ್ನು ಹಿಂದಿನ ದಿನವೇ ತೆಗೆದಿದ್ದೆವು. ಕಂಬಳಿಯೊಂದನ್ನು ಹಗ್ಗಕ್ಕೆ ಕಟ್ಟಿ ಏರಿಸಿ ಇಳಿಸಿ ಮಾಮಾ ಗಾಳಿ ಆಡಿಸಿದ್ದರು. ಕಂದೀಲಿಗೆ ಹೊಸ ಬತ್ತಿ ಬಂದಿತ್ತು, ಎಣ್ಣೆ ಬಂದಿತ್ತು. ಅವ್ವ ಜಗಲಿಯ ದೀಪದಿಂದ ಅದನ್ನು ಹೊತ್ತಿಸಿ ತಂದು, ಹಗ್ಗವನ್ನು ಕಾಕಾನ ಕೈಗೆ ಕೊಡಹೋದಳು. ಕಾಕಾ ಹಿಂದಕ್ಕೆ ಸರಿದ.

"ಈ ಸಲ ಆಕೀನೇ ಬಿಡ್ಲಿ" ಅಂದ.

ಅಪ್ಪ ಕೂರುತ್ತಿದ್ದಲ್ಲಿ ಕೂತೆ. ಗೇಣು ಬಿಟ್ಟೆ, ಇನ್ನೊಂದು ಗೇಣು. ಹಗೇವಿನ ಕುತ್ತಿಗೆ ದಾಟುತ್ತಲೇ ಜ್ವಾಲೆ ಸಣ್ಣಗಾಯಿತು, ನೀಲಿಯಾಯಿತು, ಆರಿತು.

"ಇವತ್ತ ಬ್ಯಾಡ" ಅಂದ ಕಾಕಾ. ಎಲ್ಲರೂ ಎದ್ದು ಹೋದೆವು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಮರುದಿನ ಉರಿಯಿತು. ತಳದ ಕಾಳಿನ ಮೇಲೆ ಕಂದೀಲು ಕೂತು, ಕಾಲು ತಾಸು ಒಂದೇ ಸಮ ಉರಿಯಿತು. ನಾನು ಅಲ್ಲಿಂದ ಕಣ್ಣು ಕದಲಿಸಲಿಲ್ಲ. ಆಮೇಲೆ ಮಾಮಾ ಹಗ್ಗ ಕಟ್ಟಿಸಿಕೊಂಡು ಇಳಿದರು. ಚಿಗವ್ವ ಅವರ ಗಂಟನ್ನೂ ಎರಡು ಸಲ ಎಳೆದು ನೋಡಿದಳು; ಈ ಸಲ ಯಾರೂ ಎಮ್ಮಿಯ ಮಾತಾಡಲಿಲ್ಲ. ಮೊದಲ ಬುಟ್ಟಿಯಲ್ಲಿ ಜೋಳದ ಮೇಲೆ ನನ್ನ ಮೊಬೈಲು ಕೂತು ಬಂತು, ಸತ್ತ ಇಲಿಯಂತೆ. "ನಿಮ್ಮ ಕಂದೀಲ ತಗೋರಿ ಅಕ್ಕೋರ" ಎಂದು ಒಳಗಿಂದ ಕೂಗಿದರು.

ಸಂಜೆ ಆ ಜೋಳದ ಮೊದಲ ರೊಟ್ಟಿ ಜಗಲಿಗೆ ಹೋಯಿತು. ಅವ್ವ ಎಂದಿನಂತೆ ಎರಡು ಮಣೆ ಹಾಕಿದ್ದಳು. ನಾನು ಕೂತೆ. ಈಗ ದಿನವೂ ಕೂರುತ್ತೇನೆ. ಆ ಬಿಳಿ ಬೆಳಕು, ಆ ಮಡಚಿದ ಮೊಣಕಾಲು ಇನ್ನೂ ಬರುತ್ತವೆ. ಬಂದ ದಿನ ಅದನ್ನೇ ಹೇಳುತ್ತೇನೆ, ಮೊದಲಿನಿಂದ. ಎಷ್ಟನೆಯ ಸಲವೋ. ಅವನಿಗೆ ಅವಸರ ಇಲ್ಲ. ಆದರೆ ಆವತ್ತು ಸಂಜೆ ಹೇಳಲು ಏನೂ ಹೊಳೆಯಲಿಲ್ಲ. ಕಂದೀಲು ಉರಿಯಿತು ಅಪ್ಪಾ, ಎಂದಷ್ಟೇ ಹೇಳಿ ಸುಮ್ಮನೆ ಕೂತಿದ್ದೆ.

"ಚಾಡಿ ಮುಗೀತೋ ಇಲ್ಲೋ?" ಎಂದು ಪಡಸಾಲೆಯಿಂದ ಕಾಕಾ ಕೂಗಿದ. "ರೊಟ್ಟಿ ಆರಾಕತ್ತಾವ!"